ರಬ್ಬರಿನ ಬೆಲೆ ನೋಡಿ ಕೂಲಿ ಅಳೆಯಬೇಡಿ

ಮಾನ್ಯ ಸಂಪಾದಕರೇ,

ಹಳೆಯ ಜಿಪ್ಸಿ, ಜೀಪುಗಳನ್ನು ಇನ್ನೂ ಓಡಿಸುತ್ತಿರುವ ನಮ್ಮ ಜಿಲ್ಲೆಯ ಮಾಲೀಕರಲ್ಲಿ ಒಂದು ವಿನಂತಿ. ಇಂಜಿನ್ನಿನ ಸಂದಿಯಲ್ಲೆಲ್ಲೋ ಅಡಗಿರುವ, ಇಂಜಿನ್ ತಂಪಾಗಿಡುವ ದ್ರವ (ಕೂಲಂಟ್) ಹರಿಯುವ ಗೇಣುದ್ದದ ರಬ್ಬರ್ ಪೈಪನ್ನು ಬದಲಿಸಲು ಮೆಕ್ಯಾನಿಕ್ ಅರ್ಧ ದಿನದ ಕೂಲಿ ಕೇಳಿದರೆ ಕೊಡಿ. ‘ಇಷ್ಟು ರಬ್ಬರಿಗೆ ಇಷ್ಟು ದುಡ್ಡೇ’ ಎಂದು ಚೌಕಾಸಿಗೆ ಇಳಿಯಬೇಡಿ. ನಾನು ಐಟಿಐಯಲ್ಲಿ ಮೋಟಾರು ವಾಹನ ಮೆಕ್ಯಾನಿಕ್ ವಿಭಾಗದ ಹುಡುಗರಿಗೆ ಪಾಠ ಹೇಳಿ ನಿವೃತ್ತನಾದವನು. ನನ್ನ ಕೈಯಲ್ಲಿ ಕಲಿತ ಹಲವರು ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರುಗಳಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದಾರೆ. ಅವರಲ್ಲಿಗೆ ಹೋಗಿ ಕುಳಿತಾಗಲೆಲ್ಲ ಈ ತಕರಾರು ಕಿವಿಗೆ ಬೀಳುತ್ತದೆ.

ಕಳೆದ ಬೇಸಿಗೆಯಲ್ಲಿ, ಗುಡ್ಡದ ಮೇಲಿನ ವಿಂಡ್‌ಮಿಲ್‌ಗಳಿಗೆ ಕೆಲಸಗಾರರನ್ನು ಹತ್ತಿಸುವ ಒಂದು ಜಿಪ್ಸಿಯನ್ನು ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಆಯಿಲ್ ಕಡ್ಡಿ ಎಳೆದು ನೋಡಿದರೆ ಎಣ್ಣೆಯೊಳಗೆ ನೀರು ಬೆರೆತು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿತ್ತು. ಇಂಜಿನ್ನಿನ ಮೇಲ್ಭಾಗವಾದ ಅಲ್ಯೂಮಿನಿಯಂ ಹೆಡ್ ಬಾಗಿತ್ತು, ಅದರಡಿಯ ಸೀಲಾದ ಹೆಡ್ ಗ್ಯಾಸ್ಕೆಟ್ ಹೋಗಿತ್ತು. ಇಷ್ಟಕ್ಕೆಲ್ಲ ಮೂಲ, ಇನ್‌ಟೇಕ್ ಮ್ಯಾನಿಫೋಲ್ಡಿನ (ಗಾಳಿ, ಪೆಟ್ರೋಲನ್ನು ಇಂಜಿನ್ನಿಗೆ ಒಯ್ಯುವ ಕವಲು ಕೊಳವೆ) ಅಡಿಯಲ್ಲಿ ಕಣ್ಣಿಗೆ ಬೀಳದಂತೆ ಹಾದುಹೋಗುವ, ಸೋರಿ ಇಂಜಿನ್ ವಿಪರೀತ ಕಾಯುವಂತೆ ಮಾಡಿದ ಒಂದು ಸಣ್ಣ ಪೈಪು. ಅದನ್ನು ಬದಲಿಸಬೇಕೆಂದು ಹಿಂದೆಯೇ ಒಬ್ಬ ಮೆಕ್ಯಾನಿಕ್ ಹೇಳಿದ್ದನಂತೆ. ಕೂಲಿ ಹೆಚ್ಚಾಯಿತೆಂದು ಮಾಲೀಕರು ಒಪ್ಪಲಿಲ್ಲ. ಕೈಗೆ ಸಿಗುವ ತುದಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ ಗಾಡಿ ಕಳುಹಿಸಲಾಗಿತ್ತು.

ಕಿತ್ತು ತೆಗೆದ ಆ ಪೈಪನ್ನು ನಾನು ಉದ್ದಕ್ಕೆ ಸೀಳಿ ನೋಡಿದೆ. ಹೊರಗಡೆ ಕಪ್ಪಗೆ, ಗಟ್ಟಿಯಾಗಿ, ಇನ್ನೂ ವರ್ಷಗಟ್ಟಲೆ ಬಾಳುವಂತೆ ಕಾಣುತ್ತಿತ್ತು. ಒಳಗೆ, ಕ್ಲಿಪ್ ಬಿಗಿಯುವ ಜಾಗದ ಪಕ್ಕದಲ್ಲಿ, ಉಗುರು ಇಳಿಯುವಷ್ಟು ಆಳದ ಸೀಳುಗಳು. ಕೂಲಂಟ್ ಪೈಪು ಹಾಳಾಗುವ ರೀತಿಯೇ ಇದು. ಲೋಹ ಮತ್ತು ಕೂಲಂಟ್ ನಡುವಿನ ವಿದ್ಯುತ್ ರಾಸಾಯನಿಕ ಕ್ರಿಯೆ ರಬ್ಬರನ್ನು ಒಳಗಿನಿಂದ ತಿನ್ನುತ್ತದೆ. ಮೇಲಿನಿಂದ ಆಯಿಲ್ ಸೋರಿ ಬಿದ್ದರೆ ಅದೇ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ. ಆದ್ದರಿಂದ ನೋಡಿ ತೀರ್ಮಾನಿಸುವ ವಸ್ತುವಲ್ಲ ಇದು. ತುದಿಗಳನ್ನು ಬೆರಳಲ್ಲಿ ಹಿಚುಕಿ ನೋಡಬೇಕು, ಅದಕ್ಕೂ ಮಿಗಿಲಾಗಿ ಹಾಕಿ ಎಷ್ಟು ವರ್ಷವಾಯಿತೆಂದು ಲೆಕ್ಕ ಇಡಬೇಕು.

ಇಂಥ ಇಕ್ಕಟ್ಟಿನಲ್ಲಿ ಪೈಪು ಯಾಕಿಟ್ಟರು ಎಂದು ಹಲವರು ಬೈಯುವುದನ್ನು ಕೇಳಿದ್ದೇನೆ. ಅದಕ್ಕೆ ಕಾರಣವಿದೆ. ಬಿಸಿ ಕೂಲಂಟ್ ಮ್ಯಾನಿಫೋಲ್ಡಿನ ಮೂಲಕ ಹಾದುಹೋದರೆ ಪೆಟ್ರೋಲ್ ಚೆನ್ನಾಗಿ ಆವಿಯಾಗುತ್ತದೆ, ಬೆಳಗಿನ ಚಳಿಯಲ್ಲಿ ಇಂಜಿನ್ ಮುಗ್ಗರಿಸುವುದಿಲ್ಲ. ಆ ದಾರಿಯನ್ನು ಮುಚ್ಚಿ, ಪೈಪನ್ನು ಅಡ್ಡದಾರಿಯಲ್ಲಿ ತಿರುಗಿಸಿ ಕಟ್ಟುವುದು, ಜೊತೆಗೆ ಬಿಸಿಗೆ ತಕ್ಕಂತೆ ಕೂಲಂಟಿನ ದಾರಿ ತೆರೆದು ಮುಚ್ಚುವ ಥರ್ಮೋಸ್ಟಾಟ್ ಕಿತ್ತು ಬಿಸಾಡುವುದು ನಮ್ಮ ಕಡೆ ಹಬ್ಬಿರುವ ಕೆಟ್ಟ ರೂಢಿ. ಕೂಲಿಗೆ ಚೌಕಾಸಿ ಹೆಚ್ಚಾದಷ್ಟೂ ಈ ರೂಢಿಯೂ ಹೆಚ್ಚುತ್ತದೆ.

ನಮ್ಮ ಊರಿನ ಎತ್ತರವನ್ನೂ ಇಲ್ಲಿ ಹೇಳಬೇಕು. ಚಿತ್ರದುರ್ಗ ಸಮುದ್ರಮಟ್ಟದಿಂದ 700 ಮೀಟರಿಗೂ ಮೇಲಿದೆ. ತೆರೆದ ಪಾತ್ರೆಯಲ್ಲಿ ನೀರು ಇಲ್ಲಿ 97–98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಚದರ ಸೆಂಟಿಮೀಟರಿಗೆ ಸುಮಾರು 0.9 ಕೆ.ಜಿ. ಒತ್ತಡ ಹಿಡಿದಿಟ್ಟುಕೊಂಡಾಗ ಮಾತ್ರ 115 ಡಿಗ್ರಿ ದಾಟುವವರೆಗೆ ಕುದಿಯದೆ ತಡೆಯುತ್ತದೆ. ಎಲ್ಲಾದರೂ ಒಂದು ಪೈಪು ಸೋರಿದರೆ ಆ ಒತ್ತಡ ನಿಲ್ಲುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಫಸ್ಟ್ ಗೇರಿನಲ್ಲಿ ಗುಡ್ಡ ಹತ್ತುವ ಗಾಡಿಯ ಗತಿ ಏನಾಗಬೇಕು? ಇನ್ನೊಂದು ಅಪಾಯ ಚಾಲಕರಿಗೆ ಗೊತ್ತಿರಬೇಕು. ಕೂಲಂಟ್ ಪೂರ್ತಿ ಖಾಲಿಯಾದರೆ ಬಿಸಿ ಅಳೆಯುವ ಸೆನ್ಸರಿನ ಸುತ್ತ ನೀರೇ ಇರುವುದಿಲ್ಲ, ಆಗ ಡ್ಯಾಶ್‌ಬೋರ್ಡಿನ ಮುಳ್ಳು ಏರುವ ಬದಲು ಕೆಳಗಿಳಿಯಬಹುದು. ಮುಳ್ಳು ಇಳಿಯಿತೆಂದು ನೆಮ್ಮದಿಯಿಂದ ಓಡಿಸಿದವರ ಇಂಜಿನ್‌ಗಳು ಹಾಳಾಗಿವೆ.

ಈಗ ಆ ಅರ್ಧ ದಿನ ಎಲ್ಲಿ ಹೋಗುತ್ತದೆ ಎಂಬುದನ್ನು ಹೇಳುತ್ತೇನೆ. ಇಂಜಿನ್ ಪೂರ್ತಿ ತಣ್ಣಗಾಗಬೇಕು. ಕೂಲಂಟ್ ಇಳಿಸಬೇಕು, ಬ್ಯಾಟರಿ ತಂತಿ ಬಿಚ್ಚಬೇಕು, ಏರ್ ಫಿಲ್ಟರ್ ತೆಗೆಯಬೇಕು. ಕೆಲವು ಗಾಡಿಗಳಲ್ಲಿ ಮ್ಯಾನಿಫೋಲ್ಡನ್ನೇ ಬಿಚ್ಚಬೇಕಾಗುತ್ತದೆ, ಆಗ ಅದರ ಗ್ಯಾಸ್ಕೆಟ್ ಕೂಡ ಹೊಸದೇ ಬೇಕು. ವರ್ಷಾನುಗಟ್ಟಲೆ ಕಚ್ಚಿಕೊಂಡ ಪೈಪನ್ನು ಇಕ್ಕಳ ಹಾಕಿ ತಿರುಚಿದರೆ ಒಳಗಿನ ಕಬ್ಬಿಣದ ಕೊಳವೆ ತುಂಡಾಗುತ್ತದೆ. ಕೊಳವೆಗೆ ಗೀರು ಬೀಳದಂತೆ ರಬ್ಬರನ್ನು ಉದ್ದಕ್ಕೆ ಬ್ಲೇಡಿನಿಂದ ಸೀಳಿ ಸುಲಿದು ತೆಗೆಯಬೇಕು. ಕೈ ತೂರದ ಜಾಗದಲ್ಲಿ, ಕನ್ನಡಿ ಹಿಡಿದು, ಬೆರಳ ತುದಿಯಲ್ಲಿ ಮಾಡುವ ಕೆಲಸ ಇದು. ಬಳಿಕ ಕೊಳವೆಯ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಬೇಕು. ಹೊಸ ಪೈಪು ಜಾರಲು ಸ್ವಲ್ಪ ಕೂಲಂಟನ್ನೇ ಸವರಬೇಕು, ಗ್ರೀಸ್ ಸವರಿದರೆ ಅದೇ ಮುಂದೆ ರಬ್ಬರನ್ನು ಕೊಲ್ಲುತ್ತದೆ. ಅಂಗಡಿಯಲ್ಲಿ ಮೀಟರ್ ಲೆಕ್ಕದಲ್ಲಿ ಕತ್ತರಿಸಿ ಕೊಡುವ ನೇರ ಪೈಪು ತಿರುವಿನಲ್ಲಿ ಮಡಚಿಕೊಳ್ಳುತ್ತದೆ, ಅಚ್ಚಿನಲ್ಲೇ ಬಾಗಿಸಿ ಮಾಡಿದ್ದೇ ಆಗಬೇಕು. ಕ್ಲಿಪ್ಪಿನ ಸ್ಕ್ರೂ ಸ್ಪ್ಯಾನರಿಗೆ ಸಿಗುವ ಕಡೆಗೆ ಮುಖ ಮಾಡಿರಬೇಕು. ಈ ಕೊನೆಯದನ್ನು ನಾನು ಹುಡುಗರಿಗೆ ಬೈದು ಬೈದು ಕಲಿಸುತ್ತಿದ್ದೆ. ಮುಂದೆ ಅದನ್ನು ಬಿಚ್ಚುವವನೂ ಒಬ್ಬ ಮೆಕ್ಯಾನಿಕ್ಕೇ ಅಲ್ಲವೇ.

ಇಷ್ಟಾದರೂ ಕೆಲಸ ಮುಗಿಯುವುದಿಲ್ಲ. ಗಾಡಿಯ ಮೂತಿ ಮೇಲಿರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ, ಹೀಟರ್ ಇದ್ದರೆ ಅದನ್ನು ತೆರೆದು, ಮುಚ್ಚಳ ಹಾಕದೆ ನಿಧಾನವಾಗಿ ಇಂಜಿನ್ ಓಡಿಸಿ ಒಳಗಿನ ಗಾಳಿ ಹೊರಗೆ ಬರುವವರೆಗೆ ಕಾಯಬೇಕು. ಅವಸರದಲ್ಲಿ ಇದನ್ನು ಬಿಟ್ಟರೆ ಹೊಸ ಪೈಪಿನ ಗಾಡಿಯೂ ಬಿಸಿಯಾಗುತ್ತದೆ.

ತುಂಬುವ ನೀರಿನ ವಿಷಯ. ನಮ್ಮ ಜಿಲ್ಲೆಯ ಕೊಳವೆಬಾವಿಗಳ ನೀರು ಎಷ್ಟು ಗಡಸು ಎಂಬುದು ಮನೆಯ ಪಾತ್ರೆಯ ತಳ ನೋಡಿದವರಿಗೆಲ್ಲ ಗೊತ್ತು. ಅದನ್ನೇ ರೇಡಿಯೇಟರಿಗೆ ಸುರಿದರೆ ಸಣ್ಣ ಕೊಳವೆಗಳಲ್ಲಿ ಸುಣ್ಣ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್‌ಗೆ ನೀರು ಬೆರೆಸದ ಕೂಲಂಟ್ ಸಮಪಾಲು ಸೇರಿಸಿ ಹಾಕಿ, ಖರ್ಚು ದೊಡ್ಡದೇನಲ್ಲ.

ಗ್ಯಾರೇಜಿನವರಿಗೂ ಎರಡು ಮಾತು. ಇಳಿಸಿದ ಹಳೆಯ ಕೂಲಂಟನ್ನು ಚರಂಡಿಗೆ, ರಸ್ತೆ ಬದಿಗೆ ಚೆಲ್ಲಬೇಡಿ. ಅದರಲ್ಲಿರುವ ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ನಾಯಿ, ದನಕರುಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಬಾನಿಯಲ್ಲಿ ಹಿಡಿದು ಮುಚ್ಚಳವಿರುವ ಕ್ಯಾನಿನಲ್ಲಿ ಇಡಿ. ಹಾಗೆಯೇ, ಬಿಲ್ಲಿನಲ್ಲಿ ಪೈಪಿನ ಬೆಲೆ ಮತ್ತು ಕೂಲಿಯನ್ನು ಬೇರೆ ಬೇರೆ ಬರೆದು, ಯಾವ ಪೈಪು, ಯಾವ ತಾರೀಖು ಎಂದು ನಮೂದಿಸಿ. ಬಾನೆಟ್ಟಿನ ಒಳಬದಿಯಲ್ಲೂ ಆ ತಾರೀಖಿನ ಒಂದು ಚೀಟಿ ಅಂಟಿಸಿ.

ಖಾಸಗಿ ಗಾಡಿಗೆ 15 ವರ್ಷ ತುಂಬಿದ ಮೇಲೆ ನೋಂದಣಿ ನವೀಕರಣಕ್ಕೆ ತಪಾಸಣೆ ಇದ್ದೇ ಇದೆ. ಆ ತಪಾಸಣೆಗೆ ಒಯ್ಯುವ ಮುನ್ನ ಬಣ್ಣ ಬಳಿಸುವ ಮಾಲೀಕರು ಈ ಪೈಪುಗಳನ್ನೂ ಒಮ್ಮೆಲೇ ಬದಲಿಸಿಬಿಡಲಿ. ಹಳೆಯ ಜಿಪ್ಸಿ ಕೊಳ್ಳಲು ಹೋಗುವವರು ಟೈರು, ಸೀಟು ನೋಡುವ ಮೊದಲು ಬಾನೆಟ್ ತೆಗೆಸಿ ಆ ಚೀಟಿ ಕೇಳಲಿ.

— ನಿವೃತ್ತ ಕಿರಿಯ ತರಬೇತಿ ಅಧಿಕಾರಿ, ಚಿತ್ರದುರ್ಗ