ಅಜ್ಜಿಯ ಎದುರು ಆಡಿದ ಮಾತು

ಚಿ. ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಹೋದ ತಿಂಗಳು ಸತ್ಯನಾರಾಯಣ ಪೂಜೆಯ ದಿನ ನೀನು ಅಜ್ಜಿಗೆ, 'ವಿಜ್ಞಾನ ಓದಿದವರು ಇದನ್ನೆಲ್ಲ ನಂಬುವುದಿಲ್ಲ' ಎಂದೆ. ಅವರು ಸಪಾದದ ಬಟ್ಟಲು ಹಿಡಿದುಕೊಂಡು ನಿಂತೇ ಇದ್ದರು. ಅಂದಿನಿಂದ ಬರೆಯಬೇಕೆಂದುಕೊಂಡಿದ್ದೆ.

ನಾನು ಬೆಂಗಳೂರಿನಲ್ಲಿ ಬಿ.ಎಸ್ಸಿ. ಓದುವಾಗ ಎಚ್. ನರಸಿಂಹಯ್ಯನವರು ವಿಶ್ವವಿದ್ಯಾಲಯದ ಕುಲಪತಿಗಳು. ಭೌತಶಾಸ್ತ್ರದ ಮೇಷ್ಟ್ರು, ಖಾದಿ ಬಟ್ಟೆ, ಗಾಂಧಿ ಟೋಪಿ, ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲಿ ವಾಸ. 1976ರಲ್ಲಿ ಅವರು ಪವಾಡಗಳನ್ನೂ ಪರೀಕ್ಷಿಸಬಹುದಾದ ಮೂಢನಂಬಿಕೆಗಳನ್ನೂ ತನಿಖೆ ಮಾಡಲು ಸಮಿತಿ ರಚಿಸಿದರು. 'ಪರೀಕ್ಷಿಸಬಹುದಾದ' ಎಂಬ ಮಾತನ್ನು ಗಮನಿಸು, ಮಗಳೇ. ಯಾರ ಭಕ್ತಿಯನ್ನೂ ಅಳೆಯಲು ಅವರು ಹೊರಡಲಿಲ್ಲ. ಬರಿಗೈಯಿಂದ ವಿಭೂತಿ, ಉಂಗುರ ಬರುತ್ತದೆಂದರೆ ಅದನ್ನು ನೋಡಬಹುದು, ಕೈ ತೊಳೆಸಿ ಮತ್ತೆ ನೋಡಬಹುದು. ಹಾಗೆ ಪರೀಕ್ಷೆಗೆ ಬನ್ನಿ ಎಂದು ಪುಟ್ಟಪರ್ತಿಯ ಸತ್ಯ ಸಾಯಿಬಾಬಾ ಅವರಿಗೇ ಪತ್ರ ಬರೆದರು. ಬಾಬಾ ಒಪ್ಪಲಿಲ್ಲ. ಅದು ತುರ್ತು ಪರಿಸ್ಥಿತಿಯ ಕಾಲ. ಬಾಬಾ ಅವರ ಭಕ್ತರಲ್ಲಿ ಮಂತ್ರಿಗಳೂ ನ್ಯಾಯಾಧೀಶರೂ ಇದ್ದರು. ನರಸಿಂಹಯ್ಯನವರು ಪ್ರಶ್ನಿಸಿದ್ದು ಅಷ್ಟು ದೊಡ್ಡವರನ್ನು. ನೀನು ಪ್ರಶ್ನಿಸಿದ್ದು ತೊಂಬತ್ತರ ಅಜ್ಜಿಯನ್ನು.

ಅದರ ಹಿಂದಿನ ವರ್ಷ ಅಮೆರಿಕದಲ್ಲಿ ಜ್ಯೋತಿಷ್ಯವನ್ನು ಖಂಡಿಸುವ ಹೇಳಿಕೆಗೆ 186 ವಿಜ್ಞಾನಿಗಳು ಸಹಿ ಹಾಕಿದರು. ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಹಾಕಲಿಲ್ಲ. ಜ್ಯೋತಿಷ್ಯದಲ್ಲಿ ಹುರುಳಿದೆ ಎಂದಲ್ಲ, ಹೇಳಿಕೆಯ ಧಾಟಿಯಲ್ಲಿ ಅಧಿಕಾರದ ದರ್ಪ ಕಂಡಿತೆಂದು. ಪುರಾವೆ ಮುಂದಿಡದೆ 'ನಾವು ವಿಜ್ಞಾನಿಗಳು, ಹೇಳುತ್ತಿದ್ದೇವೆ' ಎಂದರೆ ಅದೂ ಒಂದು ಅಪ್ಪಣೆಯೇ ಆಗುತ್ತದೆ.

ಚುನಾವಣೆಗೆ ಮುಂಚೆ ನೀವು ಕೆಲವರು ವಿಜ್ಞಾನದ ಹೆಸರಿನಲ್ಲಿ ಒಂದು ಪಕ್ಷದ ಪರವಾಗಿ ಸಹಿ ಮಾಡಿದ ಹೇಳಿಕೆಯನ್ನೂ ಓದಿದೆ. ನಿನ್ನ ರಾಜಕೀಯ ನಿನ್ನದು. ನಾಗರಿಕಳಾಗಿ ಗಟ್ಟಿಯಾಗಿ ಹೇಳು. ಆದರೆ ಒಂದು ಪಕ್ಷಕ್ಕೆ ವಿಜ್ಞಾನದ ಮೊಹರು ಒತ್ತಿಕೊಡಬೇಡ. ನಾಳೆ ಅದೇ ಪಕ್ಷ ತಪ್ಪು ಅಂಕಿಅಂಶ ಹೇಳಿದಾಗ ನಿನ್ನ ಮಾತನ್ನು ಯಾರು ನಂಬುತ್ತಾರೆ?

ಹಾಗೆಂದು ಬಾಯಿ ಮುಚ್ಚಿಕೊಂಡಿರು ಎನ್ನುತ್ತಿಲ್ಲ. 2019ರಲ್ಲಿ ಜಲಂಧರ್‌ನ ವಿಜ್ಞಾನ ಕಾಂಗ್ರೆಸ್‌ನಲ್ಲಿ ಕುಲಪತಿಯೊಬ್ಬರು ಕೌರವರನ್ನು ಪ್ರನಾಳ ಶಿಶುಗಳೆಂದಾಗ ವಿಜ್ಞಾನಿಗಳು ಪ್ರತಿಭಟಿಸಿದರು. ವಿಜ್ಞಾನದ ವೇದಿಕೆಯಲ್ಲೇ ಸುಳ್ಳು ನುಡಿದರೆ ಎದ್ದು ನಿಲ್ಲುವುದು ನಿನ್ನ ಕರ್ತವ್ಯ. ಆಗ ನಿನ್ನ ಜೊತೆ ನಾನೂ ಇರುತ್ತೇನೆ.

ಅಜ್ಜಿಗೆ ಫೋನ್ ಮಾಡು. ಸಂಜೆ ಏಳರ ಮೇಲೆ ಮಾಡು, ಅಷ್ಟರಲ್ಲಿ ಅವರು ದೇವರ ದೀಪ ಹಚ್ಚಿ ಬಂದು ಕುಳಿತಿರುತ್ತಾರೆ.

ಇಂತಿ,
ನಿನ್ನ ದೊಡ್ಡಪ್ಪ