ಹಸಿ ಬಟ್ಟಲುಗಳನ್ನು ಕಾಯ್ದ ಚಾಚಾ

ನಿನ್ನೆ ಮಧ್ಯಾಹ್ನ, ಎಡಗೈ ಆಪರೇಷನ್ ಆಗಿ ಎಂಟು ತಿಂಗಳ ಮೇಲೆ, ಮೊದಲ ಬಟ್ಟಲನ್ನು ಖರಾದಿನಿಂದ, ಅಂದರೆ ಕಟ್ಟಿಗೆ ತಿರುಗಿಸಿ ಕಡೆಯುವ ಯಂತ್ರದಿಂದ, ಇಳಿಸಿದೆ. ಬೇವಿನದು. ಫೋಟೋ ಹಾಕಿದ ಕೂಡಲೇ ಎಷ್ಟೊಂದು ಜನ ಫೋನ್ ಮಾಡಿದಿರಿ. ಯಾರ ಜೊತೆಗೂ ಸರಿಯಾಗಿ ಮಾತಾಡಲಿಕ್ಕಾಗಲಿಲ್ಲ, ಗಂಟಲು ಕಟ್ಟುತ್ತಿತ್ತು. ಅದಕ್ಕೇ ಬರೆಯಲು ಕೂತೆ. ಎಡಗೈಗೆ ಏನಾಯಿತು, ಹೇಗಾಯಿತು ಅನ್ನುವುದು ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಕೆದಕುವುದಿಲ್ಲ.

ಆಸ್ಪತ್ರೆ ಖರ್ಚಿಗೆ ದುಡ್ಡು ಕೂಡಿಸಿದ ನಮ್ಮ ಬೀದರಿನ ಓಣಿಯವರು, ಬಿದರಿ ಕೆಲಸದ ಗೆಳೆಯರು, ಮುಂಗಡ ಕೊಟ್ಟೂ ಒಂದು ಮಾತು ಕೇಳದ ಗಿರಾಕಿಗಳು, ದಿನಾ ನನ್ನ ಬೆರಳು ಮಡಚಿ ಬಿಚ್ಚಿಸಿದ ಫಿಸಿಯೋಥೆರಪಿಯ ತಂಗಿ, ತಪ್ಪದೆ ಬುತ್ತಿ ಕಳಿಸಿದ ಹುಮನಾಬಾದದ ಅಕ್ಕ, ನಿಮ್ಮೆಲ್ಲರಿಗೂ ಕೈ ಮುಗಿಯುತ್ತೇನೆ. ಈಗ ಎರಡೂ ಕೈ ಕೂಡುತ್ತವೆ. ನನ್ನ ಹೆಂಡತಿ ಮಾಡಿದ್ದನ್ನು ಇಲ್ಲಿ ಬರೆಯುವುದು ಅವಳಿಗೆ ಬೇಡವಂತೆ, ಆ ಮಾತು ಮನೆಯಲ್ಲೇ ಇರಲಿ.

ಸಾಮಿಲ್ಲಿನ ಚಾಚಾನ ಬಗ್ಗೆ ಮಾತ್ರ ಬರೆಯಲೇಬೇಕು.

ಅಪ್ಪನ ಕಾಲದಿಂದ ನಮ್ಮ ಮನೆಯ ದಿಮ್ಮಿಗಳನ್ನು ಸೀಳಿಕೊಡುವವರು ಅವರೇ. ಆಗ ನಮ್ಮ ಖರಾದಿಗೆ ಮೋಟರ್ ಇರಲಿಲ್ಲ. ಅವ್ವ ಹಗ್ಗ ಎಳೆಯುತ್ತಿದ್ದಳು, ಅಪ್ಪ ಉಳಿ ಹಿಡಿಯುತ್ತಿದ್ದ. ದಿಮ್ಮಿಯ ನಡುವಿನ ತಿರುಳು ಬಟ್ಟಲಿನೊಳಗೆ ಉಳಿದರೆ ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಚಾಚಾ ದಿಮ್ಮಿಯ ತುದಿ ನೋಡಿಯೇ ತಿರುಳು ಎತ್ತ ಹೊರಳಿದೆ ಅಂತ ಹೇಳಿ, ಅದನ್ನು ತಪ್ಪಿಸಿ ಎರಡು ಹೋಳು ಮಾಡಿಕೊಡುತ್ತಿದ್ದರು.

ಕಲಬುರಗಿ ಆಸ್ಪತ್ರೆಯ ಆ ರಾತ್ರಿ ನನ್ನ ಹತ್ತಿರ ಉಳಿದವರು ಅವರೊಬ್ಬರೇ. ಆಪರೇಷನ್ ಮುಗಿದಿತ್ತು, ಬೆರಳು ಉಳಿಯುತ್ತವೋ ಇಲ್ಲವೋ ಮುಂಜಾನೆ ಹೇಳುತ್ತೇವೆ ಅಂದಿದ್ದರು. ನಾನು ಏನೇನು ಬಡಬಡಿಸಿದೆನೋ ಗೊತ್ತಿಲ್ಲ. ಕೈ ಇಲ್ಲದ ಖರಾದಿ ಯಾಕೆ ಬದುಕಬೇಕು ಅಂದದ್ದು ನೆನಪಿದೆ. ಮಗಳ ಹೆಸರು ಹಿಡಿದು ಅತ್ತೆ. ಕಿಟಕಿ ಎಷ್ಟು ಎತ್ತರಕ್ಕಿದೆ ಅಂತ ನೋಡಿದ್ದೂ ನೆನಪಿದೆ. ಇದನ್ನು ಇವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ.

ಎಲ್ಲ ಸರಿಹೋಗ್ತದ ಅಂತ ಚಾಚಾ ಹೇಳಲಿಲ್ಲ. ಸ್ಟೂಲು ಹತ್ತಿರಕ್ಕೆ ಎಳೆದುಕೊಂಡು ಕೇಳಿದರು, "ಬೇಟಾ, ಮನ್ಯಾಗ ಹಸಿ ಮಾಲು ಎಷ್ಟ ಬಿದ್ದದ?"

"ನಲವತ್ತೊಂದು ಬಟ್ಟಲು."

"ಹಂಗೇ ಬಿಟ್ಟರ ಏನಾಗ್ತದ?"

"ಸೀಳ್ತಾವ ಚಾಚಾ. ಬಿಸಿಲಗಾಳಿ ಶುರು ಆಗ್ಯಾದ."

"ಯಾಕ ಸೀಳ್ತಾವ?"

ಹೇಳತೊಡಗಿದೆ. ಕಟ್ಟಿಗೆ ಎಲ್ಲ ಕಡೆ ಒಂದೇ ನಮೂನೆ ಕುಗ್ಗುವುದಿಲ್ಲ. ಉದ್ದಕ್ಕೆ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ದಿಮ್ಮಿಯ ತುದಿಯಲ್ಲಿ ಕಾಣುವ ಬಳೆಗಳ ಗುಂಟ ಕುಗ್ಗುವುದು, ತಿರುಳಿನಿಂದ ತೊಗಟೆಯ ಕಡೆಗೆ ಕುಗ್ಗುವುದರ ಹೆಚ್ಚುಕಡಿಮೆ ಎರಡರಷ್ಟು. ಹೊರಮೈ ಬೇಗ ಒಣಗಿ ಒಳಗೆ ಹಸಿ ಉಳಿದರೆ ಎಳೆತ ತಾಳದೆ ಬಾಯಿ ಬಿಡುತ್ತದೆ. ಅದಕ್ಕೇ ಮೊದಲ ಸಲ ದಪ್ಪ ಬಿಟ್ಟು ಕಡೆಯುವುದು, ಹತ್ತಿಂಚಿನ ಬಟ್ಟಲಿಗೆ ಒಂದಿಂಚು ಗೋಡೆ. ಆಮೇಲೆ ಕಡೆದಾಗ ಬಿದ್ದ ಅದರದೇ ಹೊಟ್ಟಿನಲ್ಲಿ ಹೂತು ನೆರಳಿಗಿಡಬೇಕು, ಹೊಟ್ಟು ಹಸಿಯಾದರೆ ಬದಲಿಸಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ವಾರಕ್ಕೊಮ್ಮೆ ತೂಗಬೇಕು, ತೂಕ ಇಳಿಯುವುದು ನಿಂತರೆ ಒಣಗಿತು ಅಂತ ಲೆಕ್ಕ.

ಅವರು ಕೇಳುತ್ತಲೇ ಹೋದರು. ಚೀಲ ಯಾವುದು ಹಾಕಲಿ? ಮಗುಚಿ ಇಡಲೋ, ಅಂಗಾತ ಇಡಲೋ? ನಾನು ಹೇಳುತ್ತಲೇ ಹೋದೆ. ನಡುವೆ ಒಮ್ಮೆ ಮತ್ತೆ ಅಳು ಬಂತು. ಆಗ ನಮ್ಮ ಕೋಟೆಯ ರಂಗೀನ್ ಮಹಲಿನ ಮಾತು ತೆಗೆದರು. "ಅಲ್ಲಿ ಕೆತ್ತನಿ ಕಂಬ ಅವ ನೋಡು, ಬರೀದಶಾಹಿ ಸುಲ್ತಾನರ ಕಾಲದವು. ಅವೂ ಒಂದಿನ ಹಸಿ ಕಟ್ಟಿಗಿನೇ ಇದ್ವು. ಯಾರೋ ಒಣಗೋತನ ಕಾಯ್ದಾರ."

ಹಾಗೇ ಬೆಳಕಾಯಿತು. ಡಾಕ್ಟರು ಬಂದರು. ಚಾಚಾ ನನ್ನ ಹೆಂಡತಿಯನ್ನು ಹಾಸಿಗೆ ಹತ್ತಿರ ಕೂಡಿಸಿ ಬೀದರ ಬಸ್ಸು ಹತ್ತಿದರು.

ಐವತ್ತು ವರ್ಷ ಕಟ್ಟಿಗೆ ಸೀಳಿದ ಮನುಷ್ಯನಿಗೆ ಕಟ್ಟಿಗೆ ಯಾಕೆ ಸೀಳುತ್ತದೆ ಅಂತ ನಾನು ರಾತ್ರಿಯಿಡೀ ಪಾಠ ಹೇಳಿದ್ದೆ. ಅವರಿಗೆ ಅದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು ಅಂತ ಹೊಳೆಯಲಿಕ್ಕೆ ನನಗೆ ಒಂದು ವಾರ ಬೇಕಾಯಿತು.

ನಾನು ಮನೆಗೆ ಬಂದಾಗ ಹಿಂದಿನ ಕೋಣೆಯಲ್ಲಿ ಗೋಣಿಚೀಲಗಳ ಸಾಲು. ಪ್ರತಿ ಬಟ್ಟಲಿನ ತಳದಲ್ಲಿ ಪೆನ್ಸಿಲಿನಿಂದ ತೂಕ ಬರೆದಿದ್ದರು. ಕಿರಾಣಿ ಅಂಗಡಿಯ ತಕ್ಕಡಿಗೆ ಹೊತ್ತೊಯ್ದು ತೂಗಿ ತರುತ್ತಿದ್ದರಂತೆ. ಬಿಸಿಲು, ಮಳೆ, ದಸರಾ ಎಲ್ಲ ಕಳೆದರೂ ಬಿಡಲಿಲ್ಲ. ನಿನ್ನೆ ಕಡೆದ ಬಟ್ಟಲಿನ ತಳದಲ್ಲಿ ಮೊದಲ ಅಂಕಿ 1 ಕಿಲೊ 900. ಅದರ ಕೆಳಗೆ 1 ಕಿಲೊ 720, 1 ಕಿಲೊ 580, ಹಾಗೇ ಸಣ್ಣ ಅಕ್ಷರದಲ್ಲಿ ಸುತ್ತಿಕೊಂಡು ಬಂದು ಕೊನೆಗೆ 1 ಕಿಲೊ 310, ಮತ್ತೆ 1 ಕಿಲೊ 310. ನಲವತ್ತೊಂದರಲ್ಲಿ ಆರು ಸೀಳಿದ್ದವು. ಅವನ್ನು ಬೇರೆ ಇಟ್ಟಿದ್ದರು. "ಇವು ನನ್ನ ಕೈತಪ್ಪು ಬೇಟಾ," ಅಂದರು. ನನ್ನ ಕೈಯಲ್ಲೇ ಆಗಿದ್ದರೆ ಹತ್ತಾದರೂ ಹೋಗುತ್ತಿದ್ದವು.

ನಿನ್ನೆ ಖರಾದಿನ ಮುಂದೆ ನಿಂತಾಗ ಕಾಲು ನಡುಗುತ್ತಿದ್ದವು. ದೊಡ್ಡ ಪುಲ್ಲಿ ಹಾಕಿ ವೇಗ ತಗ್ಗಿಸಿದ್ದೆವು. ಚಾಚಾ ಮೊದಲು ಬಟ್ಟಲನ್ನು ಕೈಯಿಂದಲೇ ಒಂದು ಸುತ್ತು ತಿರುವಿದರು, ಎಲ್ಲೂ ತಾಗುತ್ತಿಲ್ಲ ಅಂತ ನೋಡಿ ಸ್ವಿಚ್ಚಿನ ಹತ್ತಿರ ಹೋಗಿ ನಿಂತರು. ಒಣಗಿದ ಬಟ್ಟಲು ಮೊಟ್ಟೆಯ ಹಾಗೆ ಉದ್ದವಾಗಿರುತ್ತದೆ, ಆದ್ದರಿಂದ ಶುರುವಿಗೆ ಉಳಿ ಟಕಟಕ ಬಡಿಯುತ್ತದೆ. ಒಂದೊಂದು ಬಡಿತವೂ ಮೊಳಕೈಯವರೆಗೆ ಬಂತು. ಬಿಡಲಿಲ್ಲ. ದುಂಡಗಾಗುತ್ತ ಬಂದ ಹಾಗೆ ಸದ್ದು ಒಂದೇ ಎಳೆಯಾಯಿತು, ಉಳಿಯ ತುದಿಯಿಂದ ಸುರುಳಿ ಬಿಡದೆ ಬಂದು ನನ್ನ ಮುಂಗೈ ಮೇಲೆ ಬಿತ್ತು. ಚಾಚಾ ಆ ಕಡೆ ತಿರುಗಿ ನಿಂತು ರುಮಾಲಿನಿಂದ ಮುಖ ಒರೆಸಿಕೊಂಡರು.

ತಳಕ್ಕೆ ನಾನು ಉಳಿ ತಾಗಿಸಿಲ್ಲ, ಅಂಕಿಗಳು ಹಾಗೇ ಇವೆ. ಕುಸುಬಿ ಎಣ್ಣೆ ಒಂದು ಕೈ ಹಚ್ಚಿ ಇಟ್ಟಿದ್ದೇನೆ. ಅದು ಗಾಳಿಗೆ ಒಣಗಿ ಮೈಗೂಡಿದ ಮೇಲೆ ಆ ಬಟ್ಟಲು ಚಾಚಾನ ಮನೆಗೆ ಹೋಗುತ್ತದೆ.

ಉಳಿದ ಮೂವತ್ನಾಲ್ಕು ಮುಂಗಡ ಕೊಟ್ಟವರವು. ದಿನಕ್ಕೆ ಒಂದಕ್ಕಿಂತ ಹೆಚ್ಚು ಕೈ ತಡೆಯುವುದಿಲ್ಲ. ಆದಂತೆ ಆದಂತೆ ಫೋನ್ ಮಾಡುತ್ತೇನೆ, ಬಂದು ಒಯ್ಯಿರಿ.