ಓಮಾ ಬಗ್ಗೆ ಓದುವ ಮುಂಚೆ

ಪ್ರೀತಿಯ ಮಗಳೇ,

ಆಶೀರ್ವಾದಗಳು. ಶನಿವಾರ, ಮಣ್ಣು ಮಾಡುವ ದಿನ, ಚರ್ಚಿನಲ್ಲಿ ಓದಲೆಂದು ನಿನ್ನ ಅಪ್ಪನ ಅವ್ವ ಓಮಾ ಬಗ್ಗೆ ನೀನು ಬರೆದದ್ದನ್ನು ನಿನ್ನೆ ರಾತ್ರಿ ಎರಡು ಸಲ ಓದಿದೆ. ನೀನು ಇಂಗ್ಲಿಷಿನಲ್ಲಿ ಬರೆದಿದ್ದೀಯ, ನನಗೆ ಹೇಳಬೇಕಾದ್ದು ಕನ್ನಡದಲ್ಲೇ ಬರುತ್ತದೆ. ಬರಹ ಚೆನ್ನಾಗಿದೆ, ಆದರೆ ಅದರಲ್ಲಿ ನಿನ್ನ ಓಮಾ ಇಲ್ಲ. ಎಲ್ಲರನ್ನೂ ಮೊದಲ ದಿನದಿಂದಲೇ ಅಪ್ಪಿಕೊಂಡ ದೇವತೆ ಅಂದಿದ್ದೀಯಲ್ಲ, ಆ ಸಾಲು ಹೊಡೆದುಹಾಕು. ಮೆನ್ನೊನೈಟರೆಂಬ ಕ್ರೈಸ್ತ ಪಂಗಡದವರ ಹಳ್ಳಿಯಲ್ಲಿ ಬೆಳೆದವರು ಅವರು. ಯಾರಾದರೂ ಹೊಗಳಿದರೆ ಮೈಮೇಲೆ ಕಂಬಳಿಹುಳ ಬಿದ್ದ ಹಾಗೆ ಮುದುಡುತ್ತಿದ್ದರು.

ಮೊದಲು ವಯಸ್ಸು ಸರಿಮಾಡು. 'ಸುಮಾರು 98' ಅಲ್ಲ, 97 ವರ್ಷ, 10 ತಿಂಗಳು, 19 ದಿನ. ಇವರಲ್ಲಿ ಹಾಗೆ ದಿನ ಎಣಿಸಿ ಓದುವುದು ರೂಢಿ. ಮದುವೆಯಾಗಿ ಬಾಳಿದ್ದೆಷ್ಟು ಕಾಲ, ದೀಕ್ಷಾಸ್ನಾನ ಆದದ್ದು ಯಾವಾಗ, ಅದೂ ಬರಬೇಕು. ಕೂಸಿಗೆ ದೀಕ್ಷಾಸ್ನಾನ ಕೊಡುವುದಿಲ್ಲ, ಬುದ್ಧಿ ಬಂದವರು ತಾವೇ ಕೇಳಿ ತೆಗೆದುಕೊಳ್ಳಬೇಕು ಎಂದ ತಪ್ಪಿಗೆ 16ನೇ ಶತಮಾನದಲ್ಲಿ ಇವರ ಹಿರಿಯರನ್ನು ಸುಟ್ಟರು, ನೀರಿನಲ್ಲಿ ಮುಳುಗಿಸಿ ಕೊಂದರು. ಓಮಾಗೆ ಹುಟ್ಟುಹಬ್ಬ ಮರೆತುಹೋದದ್ದುಂಟು, ದೀಕ್ಷಾಸ್ನಾನದ ತಾರೀಖು ಮರೆತದ್ದಿಲ್ಲ.

'ಬಾಲ್ಯದಲ್ಲೇ ವಲಸೆ ಬಂದರು' ಅಂತ ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀಯ. ಅಲ್ಲಿ ಸ್ವಲ್ಪ ನಿಲ್ಲು ಮಗಳೇ. ಈಗಿನ ಉಕ್ರೇನಿನಲ್ಲಿ ಇವರ ಹಳ್ಳಿಗಳಿದ್ದ ಮೊಲೋಚ್ನಾದಲ್ಲಿ ರಷ್ಯಾದ ಅಂತರ್ಯುದ್ಧದ ಲೂಟಿ ಮುಗಿಯುವಷ್ಟರಲ್ಲಿ 1921-22ರ ಬರ ಬಂತು. ಅಮೆರಿಕದ ಮೆನ್ನೊನೈಟರು ಅಲ್ಲಿಗೆ ಹೋಗಿ ಊಟದ ಕೇಂದ್ರ ತೆರೆದದ್ದರಿಂದ ಓಮಾನ ಅವ್ವ ಉಳಿದಳು. 1923ರಿಂದ 1930ರೊಳಗೆ ಇವರಲ್ಲಿ ಸುಮಾರು 20,000 ಜನ ಆ ದೇಶ ಬಿಟ್ಟು ಕೆನಡಾ ಸೇರಿದರು. ಓಮಾ 1926ರಲ್ಲಿ, ಎರಡು ವರ್ಷದ ಕೂಸಾಗಿ ಬಂದರು. ಕೈಯಲ್ಲಿ ಕಾಸಿಲ್ಲದವರನ್ನು ಕೆನಡಿಯನ್ ಪೆಸಿಫಿಕ್ ರೈಲ್ವೆ ಉದ್ರಿ ಮೇಲೆ ಕರೆತಂದಿತ್ತು. ಆ ಸಾಲಕ್ಕೆ ಇವರು ಇಟ್ಟ ಹೆಸರು ರೈಸೆಶುಲ್ಡ್, ಪ್ರಯಾಣದ ಸಾಲ.

ಅದನ್ನು ತೀರಿಸುವುದರಲ್ಲಿ ಹೆಣ್ಣುಮಕ್ಕಳ ದುಡಿಮೆ ಎಷ್ಟಿತ್ತು ಎಂದು ಸಭೆಗಳಲ್ಲಿ ಯಾರೂ ಹೇಳುವುದನ್ನು ನಾನು ಕೇಳಿಲ್ಲ. ಅದಕ್ಕೇ ನೀನು ಹೇಳಬೇಕು. ಹದಿನಾರಕ್ಕೆ ಓಮಾ ವಿನ್ನಿಪೆಗ್‌ನಲ್ಲಿ ಯಾರದೋ ಮನೆಗೆಲಸಕ್ಕೆ ಸೇರಿದರು. ಸಂಬಳ ನೇರ ಅಪ್ಪನ ಕೈಗೆ. ಗುರುವಾರ ಮಧ್ಯಾಹ್ನ ಬಿಡುವು. ಇವರವರೇ ನಡೆಸುತ್ತಿದ್ದ ಹುಡುಗಿಯರ ವಸತಿಮನೆಯಲ್ಲಿ ಹಳ್ಳಿಯ ಹುಡುಗಿಯರೆಲ್ಲ ಕೂಡಿ, ಬಾಯ್ತುಂಬ ತಮ್ಮ ಮನೆಮಾತು ಪ್ಲಾಟ್‌ಡೀಚ್ ಮಾತಾಡಿ, ಹಾಡಿ, ಕತ್ತಲಾಗುವಷ್ಟರಲ್ಲಿ ಯಜಮಾನರ ಮನೆಗೆ ಮರಳುತ್ತಿದ್ದರು. ಸಾಲ ಪೂರ್ತಿ ತೀರಿದ್ದು 1946ರಲ್ಲಿ. ಮುಪ್ಪಿನಲ್ಲೂ ಗುರುವಾರ ಮಧ್ಯಾಹ್ನ ಓಮಾ ಒಗೆಯುವುದು, ತೊಳೆಯುವುದು ಏನೂ ಇಟ್ಟುಕೊಳ್ಳುತ್ತಿರಲಿಲ್ಲ, ಗಮನಿಸಿದ್ದೀಯಾ? 'ಶ್ರಮಜೀವಿ' ಎಂದು ಬರೆದ ಕಡೆ ಈ ಗುರುವಾರವನ್ನು ಬರೆ.

ಹೊಲದಲ್ಲಿ ನಿನ್ನ ಸೋದರತ್ತೆಯರಿಗೂ ಗಂಡುಮಕ್ಕಳಷ್ಟೇ ಪಾಲು ಸಿಕ್ಕಿದ್ದನ್ನು ಓಮಾನ ದೊಡ್ಡ ಮನಸ್ಸು ಅಂದಿದ್ದೀಯ. ಅದು ಇವರ ಹಳೆಯ ಕಟ್ಟಳೆ, ಹಾಗೆಂದೇ ಬರೆ.

ಇನ್ನು ನನ್ನ ವಿಷಯ. 1979ರಲ್ಲಿ ಧಾರವಾಡದಿಂದ ಬಂದ ಸೊಸೆಯನ್ನು ಓಮಾ ಒಪ್ಪಿರಲಿಲ್ಲ. ಇಡೀ ಚಳಿಗಾಲ ನನ್ನೊಡನೆ ನೇರ ಮಾತಿಲ್ಲ. ನಾನು ಎದುರಿಗೇ ಕೂತಿದ್ದರೂ "ಅವಳಿಗೆ ಕಾಫಿ ಬೇಕಾ ಕೇಳು" ಎಂದು ನಿನ್ನ ಅಪ್ಪನಿಗೆ ಹೇಳುತ್ತಿದ್ದರು. ಮನೆ, ಹೊಲ, ದೇಶ ಎಲ್ಲ ಹೋದ ಮೇಲೂ ಅವರಿಗೆ ಉಳಿದದ್ದು ಚರ್ಚಿನ ಸಭೆಯೊಂದೇ. ಮಗ ಅದನ್ನೂ ದಾಟಿ ಹೋದನಲ್ಲ ಎಂಬ ಸಂಕಟ ಅದು. ನನಗೆ ಇದು ತಿಳಿಯಲು ವರ್ಷಗಳೇ ಬೇಕಾದವು. ಆ ಚಳಿಗಾಲದಲ್ಲಿ ಮಾತ್ರ ರಾತ್ರಿ ಕೂತು ಅಳುತ್ತಿದ್ದೆ.

ಒಂದು ಶನಿವಾರ, ಭಾನುವಾರ ಸಂಜೆಯ ಲಘು ಊಟ ಫಾಸ್ಪಾಗೆಂದು ಅವರು ಟ್ವೀಬಾಕ್ ಎಂಬ ಜೋಡಿ ಉಂಡೆಯ ಬನ್ನು ಮಾಡುತ್ತಿದ್ದಾಗ ಕರೆಯದಿದ್ದರೂ ಹೋಗಿ ಪಕ್ಕಕ್ಕೆ ನಿಂತೆ. ಹಿಟ್ಟನ್ನು ಮುಷ್ಟಿಯಲ್ಲಿ ಹಿಡಿದು ಹೆಬ್ಬೆರಳು, ತೋರುಬೆರಳಿನ ಸಂದಿಯಿಂದ ಉಂಡೆ ಹಿಂಡಿ ತೆಗೆಯುತ್ತಿದ್ದರು. ದೊಡ್ಡದರ ಮೇಲೊಂದು ಸಣ್ಣದು. ನಾನಿಟ್ಟ ಸಣ್ಣ ಉಂಡೆಗಳೆಲ್ಲ ಓವನ್‌ನಲ್ಲಿ ವಾಲಿ ಬಿದ್ದವು. ಎರಡನೇ ತಟ್ಟೆಗೆ ಓಮಾ ನನ್ನ ಬೆರಳು ಹಿಡಿದು, ಮೇಲಿನ ಉಂಡೆಯ ನಟ್ಟನಡುವೆ, ತಳ ತಾಗುವವರೆಗೆ ಒತ್ತಿಸಿದರು. "ಇಲ್ಲಿವರೆಗೆ" ಅಂದರು. ನನಗೆಂದೇ ಆಡಿದ ಮೊದಲ ಮಾತು ಅದು. ಬಿದ್ದವನ್ನು ಎಸೆಯಲಿಲ್ಲ, ಮತ್ತೆ ಓವನ್‌ಗಿಟ್ಟು ಗರಿಗರಿಯಾಗಿ ಒಣಗಿಸಿದರು. ಹಡಗಿನಲ್ಲಿ ತಾವು ತಿಂದು ಬಂದದ್ದು ಇದನ್ನೇ ಎಂದು ಓಮಾನ ಅವ್ವ ಹೇಳುತ್ತಿದ್ದಳಂತೆ. ನಮ್ಮಲ್ಲೂ ಖಡಕ್ ರೊಟ್ಟಿ ಹೀಗೇ ಒಣಗಿಸಿಡುತ್ತಾರೆ ಅಂದೆ. ಹಿಟ್ಟಿನ ಕೈ ಹಾಗೇ ನಿಲ್ಲಿಸಿ ಕೇಳಿದರು: "ಎಷ್ಟು ದಿನ ಇರುತ್ತದೆ?"

ಆ ಚಳಿಗಾಲವನ್ನೂ ಓದು, ಈ ಶನಿವಾರವನ್ನೂ ಓದು. ನನಗೆ ಬೇಸರವಾದೀತು ಅಂತ ಬಿಡಬೇಡ, ನಾನು ಮುಂದಿನ ಸಾಲಿನಲ್ಲೇ ಕೂತಿರುತ್ತೇನೆ.

ಶುಕ್ರವಾರ ಬೆಳಗಿನ ವಿಮಾನಕ್ಕೇ ಹೊರಡು. ಮಣ್ಣಾದ ಮೇಲೆ ಬಂದವರಿಗೆಲ್ಲ ಕಾಫಿ, ಚೀಸ್, ಸಕ್ಕರೆ ಕ್ಯೂಬ್ ಚರ್ಚಿನವರು ನೋಡಿಕೊಳ್ಳುತ್ತಾರೆ. ಟ್ವೀಬಾಕ್ ನಾವೇ ಮಾಡುತ್ತೇವೆ ಎಂದು ಹೇಳಿಬಿಟ್ಟಿದ್ದೇನೆ. ಹಿಟ್ಟು ಕಲಸಿಟ್ಟಿರುತ್ತೇನೆ. ನನ್ನ ಬೆರಳಿಗೆ ಈಗ ವಾತ, ಒತ್ತುವ ಕೆಲಸ ನಿನ್ನದು.

ನಿನ್ನ
ಅವ್ವ